ಹಳೆಯ ಪಾತ್ರೆಗಳ ವಸ್ತುಚಿತ್ರ: ಒಂದು ಔಚಿತ್ಯ ವಿಚಾರ

೧

'ಕಸದಿಂದ ರಸ' ಎಂಬ ಮಾತು ನಮ್ಮ ಶಾಲೆಗಳಲ್ಲಿ ಈಗ ಬಹುಮಟ್ಟಿಗೆ ಗಾದೆಯ ಸ್ಥಾನವನ್ನೇ ಪಡೆದಿದೆ. ಬಾವಲಿ, ಮುತ್ತಂಗಗಳ ಆಚೆಗಿನ ಕನ್ನಡ ಶಾಲೆಗಳಲ್ಲಾಗಲಿ, ಈಚೆಗಿನ ವಯನಾಡಿನ ಶಾಲೆಗಳಲ್ಲಾಗಲಿ, ಪ್ರದರ್ಶನವೆಂದರೆ ಬಳಸಿ ಬಿಟ್ಟ ಸಾಮಾನುಗಳಿಂದ ಮಾಡಿದ ಕೃತಿಗಳಿಗೆಂದು ಒಂದು ಮೇಜು ಮೀಸಲಾಗಿರುತ್ತದೆ. ಔಷಧದ ಶೀಸೆಗೆ ಬಂಗಾರದ ಬಣ್ಣ ಬಳಿದು ಮಾಡಿದ ಹೂದಾನಿ, ಕರಟಕ್ಕೆ ಕಣ್ಣು ಮೂಗು ಅಂಟಿಸಿ ಮಾಡಿದ ಕೋತಿ, ಕೆಟ್ಟ ಸಿ.ಡಿ. ತಟ್ಟೆಗಳಿಂದ ಮಾಡಿದ ನವಿಲು, ಇವನ್ನು ಕಾಣದ ಉಪಾಧ್ಯಾಯರು ಯಾರೂ ಇರಲಾರರು. ಮಕ್ಕಳ ಕೈಚಳಕವನ್ನು ನಾನು ಹಳಿಯುವುದಿಲ್ಲ. ಆದರೆ ಆ ಮಾತಿನಲ್ಲಿರುವ 'ರಸ' ಎಂಬ ಪದ ಸಾಮಾನ್ಯವಾದುದಲ್ಲ. ಭರತನಿಂದ ಮೊದಲ್ಗೊಂಡು ನಮ್ಮ ಮೀಮಾಂಸಕರು ಶತಮಾನಗಳ ಕಾಲ ತೂಗಿ ನೋಡಿದ ಪದ ಅದು. ರಸವೆಂಬುದು ವಸ್ತುವಿನ ಮೇಲೆ ಬಳಿಯತಕ್ಕ ಬಣ್ಣವೋ, ವಸ್ತುವಿನ ಒಳಗಿಂದಲೇ ಒಸರತಕ್ಕದ್ದೋ? ಈ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಗ್ರಂಥಾವಲೋಕನದಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ೨೦೨೫ರಲ್ಲಿ ನಮ್ಮ ಹೈಸ್ಕೂಲಿನಲ್ಲಿ ಒಂದು ಸಣ್ಣ ಚಿತ್ರಪ್ರದರ್ಶನ ಏರ್ಪಟ್ಟಿತ್ತು. ಚಿತ್ರಕಲಾ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಒಂದು ನಿಯಮ ಹಾಕಿದ್ದರು. ಪ್ರತಿಯೊಬ್ಬರೂ ಮನೆಯಲ್ಲಿ ಯಾರೂ ಬಳಸದೆ ಮೂಲೆಗಿಟ್ಟ ಒಂದು ಸಾಮಾನನ್ನು ತರಬೇಕು. ನಾಲ್ಕೈದು ಮಂದಿ ಸೇರಿ ಅವನ್ನು ಒಂದು ಮೇಜಿನ ಮೇಲೆ ಜೋಡಿಸಬೇಕು. ಅನಂತರ ಆ ಜೋಡಣೆಯನ್ನು ನೋಡಿ ಚಿತ್ರ ಬರೆಯಬೇಕು. ಜೋಡಣೆ, ಚಿತ್ರ ಎರಡೂ ಪ್ರದರ್ಶನಕ್ಕೆ. ಹೆಡ್‌ಮಾಸ್ಟರನೆಂಬ ಕಾರಣದಿಂದ ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದರು. ಆ ಮೇಜುಗಳ ಬಳಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ತೀರ್ಪಿಗೆ ಬೇಕಾದ ಅಳತೆಗೋಲನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಅಂದು ನಾನು ಅದಿಲ್ಲದೆಯೇ ಹೋಗಿದ್ದೆ.

೨

ಇಂಗ್ಲಿಷರು 'ಸ್ಟಿಲ್ ಲೈಫ್' ಎನ್ನುವುದನ್ನು ನಾವು ವಸ್ತುಚಿತ್ರವೆಂದೂ ಸ್ಥಿರಚಿತ್ರವೆಂದೂ ಕರೆಯುತ್ತೇವೆ. ಇಂಗ್ಲಿಷಿನ ಹೆಸರು ಡಚ್ಚರಿಂದ ಬಂದದ್ದು. ಅಲುಗದೆ ನಿಂತ ಬದುಕು ಎಂದು ಅದರ ಭಾವ. ಅದೇ ಬಗೆಯ ಚಿತ್ರವನ್ನು ಫ್ರೆಂಚರು 'ನಾತ್ಯೂರ್ ಮೋರ್ತ್', ಎಂದರೆ ಸತ್ತ ಪ್ರಕೃತಿ, ಎನ್ನುತ್ತಾರೆ. ಒಂದೇ ಮೇಜಿನ ಮೇಲಿನ ಹೂಜಿಯಲ್ಲಿ ಒಂದು ಜನಾಂಗ ಬದುಕನ್ನು ಕಂಡಿತು, ಇನ್ನೊಂದು ಜನಾಂಗ ಸಾವನ್ನು ಕಂಡಿತು. ಹೆಸರಿನಲ್ಲಿಯೇ ವಿಮರ್ಶೆ ಅಡಗಿದೆ.

ನಮ್ಮ ಹೆಸರೇನು ಹೇಳುತ್ತದೆ? ಮನೆಯ ಮಾತಿನಲ್ಲಿ 'ಒಡವೆ ವಸ್ತು' ಎಂದರೆ ಬೆಲೆಯುಳ್ಳದ್ದು, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡತಕ್ಕದ್ದು. ಒಲೆಯ ಬದಿಯದು ವಸ್ತುವಲ್ಲ, ಬರಿಯ ಸಾಮಾನು ಅಥವಾ ಪಾತ್ರೆಪಡಗ. ಆದರೆ 'ಪಾತ್ರೆ' ಎಂಬ ಪದವನ್ನೇ ನೋಡಿರಿ. ನಾಟಕದ ಪಾತ್ರವೂ ಅಡುಗೆಮನೆಯ ಪಾತ್ರೆಯೂ ಒಂದೇ ಮೂಲದವು. ಪಾತ್ರೆಯೂ ಒಂದು ಪಾತ್ರವೆಂದು ನೋಡುವ ಸೌಲಭ್ಯವನ್ನು ನಮ್ಮ ಭಾಷೆಯೇ ನಮಗೆ ಕೊಟ್ಟಿದೆ. ಪಾತ್ರವೆಂದ ಮೇಲೆ ಅದಕ್ಕೊಂದು ಪ್ರವೇಶವುಂಟು, ಕಾರ್ಯವುಂಟು, ನಿರ್ಗಮನವೂ ಉಂಟು.

ಆದರೆ ಟ್ರೈನಿಂಗಿನಲ್ಲಿ ನಾವು ಕಲಿತ ಕ್ರಮ ಬೇರೆ. ಕೊಡವನ್ನು ಗೋಲವೆಂದೂ, ಲೋಟವನ್ನು ಸಿಲಿಂಡರೆಂದೂ, ಆಲಿಕೆಯನ್ನು ಶಂಕುವೆಂದೂ ಕಾಣುವುದನ್ನು ನಮಗೆ ಹೇಳಿಕೊಟ್ಟರು. ಬೆಳಕು ಯಾವ ಕಡೆಯಿಂದ, ನೆರಳು ಯಾವ ಕಡೆಗೆ, ಅಂಚಿನ ವೃತ್ತ ಕಣ್ಣಿಗೆ ಹೇಗೆ ಚಪ್ಪಟೆಯಾಗಿ ಕಾಣುತ್ತದೆ ಎಂಬುದಿಷ್ಟೇ ಅಲ್ಲಿಯ ಪ್ರಶ್ನೆ. ಈ ಶಿಸ್ತು ಅಗತ್ಯವಾದದ್ದು. ಅದಿಲ್ಲದೆ ಕೈ ಪಳಗುವುದಿಲ್ಲ. ಆದರೆ ಅಲ್ಲಿ ಯಾರ ಕೊಡ ಎಂಬ ಪ್ರಶ್ನೆಗೆ ಎಡೆಯಿಲ್ಲ. ಬೇಲೂರಿನ ದರ್ಪಣಸುಂದರಿಯ ಕನ್ನಡಿಯನ್ನು ಅವಳ ಕೈಯಿಂದ ಬಿಡಿಸಿ ನಾವು ನೋಡಲಾರೆವು. ನಮ್ಮ ಶಿಲ್ಪಗಳಲ್ಲಿ ವಸ್ತು ಬಹುಮಟ್ಟಿಗೆ ಯಾರದೋ ಕೈಯಲ್ಲಿ ಇರುತ್ತದೆ. ವಸ್ತುಚಿತ್ರದಲ್ಲಿ ಮನುಷ್ಯನಿಲ್ಲ. ಆದರೂ ಬಳಸಿದ ಕೈಯ ಗುರುತು ಅಲ್ಲಿ ಉಳಿದಿರಬೇಕು. ಹಾಗೆ ಉಳಿದಿದ್ದರೆ ಆ ಚಿತ್ರ ಡಚ್ಚರು ಹೇಳಿದಂತೆ ಬದುಕು. ಅಳಿಸಿಹೋಗಿದ್ದರೆ ಫ್ರೆಂಚರ ಹೆಸರೇ ಅದಕ್ಕೆ ಸರಿ.

೩

ಈ ಮಾತಿಗೆ ಪಾಶ್ಚಾತ್ಯ ಚಿತ್ರಕಲೆಯಿಂದ ಮೂರು ನಿದರ್ಶನಗಳನ್ನು ಕೊಡಬಹುದು.

೧೮೮೬ರಲ್ಲಿ ವ್ಯಾನ್ ಗೋ ಪ್ಯಾರಿಸಿನಲ್ಲಿ ಒಂದು ಜೊತೆ ಸವೆದ ಬೂಟುಗಳನ್ನು ಚಿತ್ರಿಸಿದ. ಆ ಬಗೆಯ ಅವನ ಒಂದು ಚಿತ್ರವನ್ನು ಹಿಡಿದು ಜರ್ಮನಿಯ ದಾರ್ಶನಿಕ ಹೈಡೆಗರ್ ೧೯೩೫-೩೬ರ ಉಪನ್ಯಾಸಗಳಲ್ಲಿ, ಇವು ಹೊಲದಲ್ಲಿ ದುಡಿಯುವ ರೈತ ಹೆಂಗಸಿನ ಬೂಟುಗಳೆಂದು ಬಗೆದು ದೀರ್ಘವಾಗಿ ವಿವೇಚಿಸಿದ. ೧೯೬೮ರಲ್ಲಿ ಅಮೆರಿಕದ ಕಲಾವಿಮರ್ಶಕ ಮೇಯರ್ ಶಪೀರೊ ಅದನ್ನು ಖಂಡಿಸಿ, ಇವು ಪಟ್ಟಣದಲ್ಲಿದ್ದ ಚಿತ್ರಕಾರನ ಸ್ವಂತ ಬೂಟುಗಳು ಎಂದ. ಯಾರು ಗೆದ್ದರೆಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರು ವಿದ್ವಾಂಸರು ಮೂವತ್ತು ವರ್ಷಗಳ ಅಂತರದಲ್ಲಿ ವಾದಿಸಿದ್ದು ಬಣ್ಣದ ವಿಷಯವನ್ನಲ್ಲ, ಯಾರ ಕಾಲು ಎಂಬುದನ್ನು. ಕಾಲೇ ಇಲ್ಲದ ಚಿತ್ರ ಕಾಲಿನ ಪ್ರಶ್ನೆಯನ್ನು ಎಬ್ಬಿಸಿತು.

ಎರಡನೆಯವನು ಇಟಲಿಯ ಮೊರಾಂದಿ (೧೮೯೦-೧೯೬೪). ಉಪಾಧ್ಯಾಯ ಬಂಧುಗಳಿಗೆ ಇವನು ನಮ್ಮವನೇ ಎನಿಸುವುದು ಸಹಜ, ಏಕೆಂದರೆ ೧೯೧೪ರಿಂದ ೧೯೨೯ರ ವರೆಗೆ ಬೊಲೋನ್ಯ ನಗರದ ಪ್ರಾಥಮಿಕ ಶಾಲೆಗಳಲ್ಲಿ ಇವನು ಡ್ರಾಯಿಂಗ್ ಮೇಷ್ಟ್ರು. ತಂಗಿಯರೊಡನೆ ಒಂದೇ ಮನೆಯಲ್ಲಿದ್ದುಕೊಂಡು, ಹಳೆಯ ಸೀಸೆ, ಡಬ್ಬಿ, ಹೂಜಿಗಳನ್ನೇ ಜೋಡಿಸಿ, ಮತ್ತೆ ಬೇರೆಯಾಗಿ ಜೋಡಿಸಿ, ಜೀವಮಾನವೆಲ್ಲ ಬರೆದ. ಸೀಸೆಗಳ ಮೇಲೆ ಕೂತ ಧೂಳನ್ನು ಒರೆಸದೆ ಬಿಡುತ್ತಿದ್ದ. ಅವನ ಚಿತ್ರಗಳಲ್ಲಿ ಸೀಸೆ ಬೇರೆ ಏನೂ ಆಗುವುದಿಲ್ಲ. ಸೀಸೆಯಾಗಿಯೇ ಉಳಿದು, ಒಟ್ಟಿಗೆ ಬಾಳಿ ಹಳಬರಾದ ಒಂದು ಮನೆಯ ಮಂದಿಯನ್ನು ನೆನಪಿಗೆ ತರುತ್ತದೆ.

ಮೂರನೆಯದು ಪಿಕಾಸೊ ೧೯೪೨ರಲ್ಲಿ ಮಾಡಿದ 'ಹೋರಿಯ ತಲೆ'. ಸೈಕಲಿನ ಸೀಟನ್ನು ಮುಖವಾಗಿಯೂ ಹ್ಯಾಂಡಲನ್ನು ಕೊಂಬಾಗಿಯೂ ಇರಿಸಿದ. ಬೇರೆ ಯಾವ ಅಲಂಕಾರವನ್ನೂ ಮಾಡಲಿಲ್ಲ. ನೋಡುವವನಿಗೆ ಹೋರಿ ಕಾಣುತ್ತದೆ, ಸೈಕಲ್ ಮರೆಯಾಗುವುದಿಲ್ಲ.

ಈ ನಿದರ್ಶನಗಳನ್ನು ನಮ್ಮ ಶಾಸ್ತ್ರದ ಭಾಷೆಗೆ ತಂದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯ ಪ್ರಭೇದಗಳನ್ನು ಹೇಳುವಾಗ, ವಾಚ್ಯಾರ್ಥದ ಗತಿಯೇನು ಎಂಬುದನ್ನು ಹಿಡಿದು ವಿಭಾಗ ಮಾಡಿದ್ದಾನೆ. ವಾಚ್ಯವು ತಾನೂ ಉಳಿದು ಮತ್ತೊಂದನ್ನು ಹೊಳೆಯಿಸಿದರೆ ಅದು ವಿವಕ್ಷಿತಾನ್ಯಪರವಾಚ್ಯ. ವಾಚ್ಯವು ಬೇರೊಂದು ಅರ್ಥಕ್ಕೆ ಸಾಗಿದರೆ ಅರ್ಥಾಂತರಸಂಕ್ರಮಿತ. ವಾಚ್ಯವನ್ನು ಪೂರ್ಣವಾಗಿ ಬದಿಗೆ ಸರಿಸಿದರೆ ಅತ್ಯಂತತಿರಸ್ಕೃತ. ಶಬ್ದಕ್ಕೆ ಹೇಳಿದ ಈ ವಿಭಾಗವನ್ನು ವಸ್ತುವಿಗೂ ಅನ್ವಯಿಸಬಹುದೆಂದು ನನ್ನ ನಮ್ರವಾದ ಅಭಿಪ್ರಾಯ. ಮೊರಾಂದಿಯ ಸೀಸೆ ಮೊದಲ ಬಗೆಯದು. ಪಿಕಾಸೊನ ಸೀಟು ಎರಡನೆಯ ಬಗೆಯದು. ಬಂಗಾರ ಬಳಿದ ಔಷಧದ ಶೀಸೆ ಮೂರನೆಯ ಬಗೆಗೆ ಸೇರುವಂತೆ ತೋರುತ್ತದೆ. ಆದರೆ ಕಾವ್ಯದಲ್ಲಿ ವಾಚ್ಯ ತಿರಸ್ಕೃತವಾದಾಗಲೂ ಅದರಿಂದ ಧ್ವನಿ ಹುಟ್ಟುತ್ತದೆ. ಇಲ್ಲಿ ಶೀಸೆ ತಿರಸ್ಕೃತವಾಗುತ್ತದೆ, ಧ್ವನಿ ಮಾತ್ರ ಹುಟ್ಟುವುದಿಲ್ಲ. ಯಾವ ಕಾಯಿಲೆಗೆ, ಯಾರು, ಎಷ್ಟು ರಾತ್ರಿ ಆ ಔಷಧವನ್ನು ಕುಡಿದರೆಂಬ ಕಥೆಯೆಲ್ಲ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಮಿಕ್ಕದ್ದು ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ಹೂದಾನಿಯ ಅನುಕರಣ. ಇದನ್ನು ಕಸದಿಂದ ರಸ ಎನ್ನುವುದಕ್ಕಿಂತ ಕಸಕ್ಕೆ ವೇಷ ಎನ್ನುವುದು ಮೇಲು.

೪

ನಮ್ಮ ನಾಡಿನಲ್ಲಿ ಇಂಥ ಕಲೆ ಇಲ್ಲವೇ ಎಂದು ಯಾರಾದರೂ ಕೇಳಿಯಾರು. ಭದ್ರಾವತಿಯಲ್ಲಿ ೧೯೫೭ರಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೃತಿಗಳು ಅದಕ್ಕೆ ಉತ್ತರ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ನುಗಳಲ್ಲಿ ಅಭ್ಯಾಸ ಮಾಡಿದ ಇವರು ಚಿತ್ರ ಬರೆಯುವುದರಿಂದ ಮುಂದೆ ಸಾಗಿ ಸೆಗಣಿ, ಕುಂಕುಮ, ದಾರ, ಟಾರಿನ ಡ್ರಮ್ಮುಗಳನ್ನೇ ಕೃತಿಯ ದ್ರವ್ಯವನ್ನಾಗಿ ಮಾಡಿಕೊಂಡರು. ಕಟ್ಟುನಿಟ್ಟಾಗಿ ನೋಡಿದರೆ ಇವು ವಸ್ತುಚಿತ್ರಗಳಲ್ಲ; ಆದರೆ ಬಳಸಿ ಬಿಟ್ಟ ವಸ್ತುವನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಗೆ ಇಷ್ಟು ಸಮೀಪದ ಉತ್ತರ ನಮ್ಮಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

೨೦೦೬ರ 'ಡಾರ್ಕ್‌ರೂಮ್' ಎಂಬ ಕೃತಿಯನ್ನು ನೋಡಬಹುದು. ರಸ್ತೆ ಕೆಲಸದವರು ಖಾಲಿಯಾದ ಟಾರಿನ ಡ್ರಮ್ಮುಗಳನ್ನು ಬಡಿದು ತಗಡು ಮಾಡಿ ದಾರಿಯ ಬದಿಯಲ್ಲಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಡ್ರಮ್ಮುಗಳಿಂದಲೇ ಕಟ್ಟಿದ ಕೋಣೆ ಅದು. ಒಳಹೊಗಬೇಕಾದರೆ ತಲೆ ಬಗ್ಗಿಸಿ ತೆವಳಬೇಕು. ಒಳಗೆ ಕತ್ತಲೆ, ಮೇಲೆ ಕೊರೆದ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರಗಳಂತೆ ಕಾಣುತ್ತದೆ. ಡ್ರಮ್ಮು ಡ್ರಮ್ಮಾಗಿಯೇ ಇದೆ, ಟಾರಿನ ಕಪ್ಪು ಹಾಗೆಯೇ ಇದೆ. ಆಕಾಶ ಕಂಡದ್ದು ಬಣ್ಣದಿಂದಲ್ಲ. ೨೦೦೯ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶಿತವಾದ 'ಬಿಹೋಲ್ಡ್' ಎಂಬ ಕೃತಿಯಲ್ಲಿ, ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲಿನ ಹಗ್ಗದಿಂದ ಕಾರಿನ ಉಕ್ಕಿನ ಬಂಪರುಗಳನ್ನು ತೂಗಹಾಕಲಾಗಿತ್ತು. ಯಾರ ತಲೆಯ ಕೂದಲೋ ಯಾರ ಭಾರವನ್ನೋ ಹೊತ್ತಿದೆ. ಇಲ್ಲಿಯೂ ಕೇಳಬೇಕೆನಿಸುವುದು ಯಾರದು ಎಂಬ ಪ್ರಶ್ನೆಯೇ.

೫

ಇಷ್ಟು ಪೀಠಿಕೆಯ ಅನಂತರ ನಮ್ಮ ಶಾಲೆಯ ಮೇಜುಗಳಿಗೆ ಬರುತ್ತೇನೆ. ಅಲ್ಲಿದ್ದ ಏಳರಲ್ಲಿ ಮೂರನ್ನು ಮಾತ್ರ ಇಲ್ಲಿ ವಿವೇಚಿಸುತ್ತೇನೆ.

ಮೊದಲನೆಯದು ಬಣ್ಣದ ಶೀಸೆಗಳ ಮೇಜು. ನಿಯಮವನ್ನು ಮೀರಿ ಮಕ್ಕಳು ಶೀಸೆಗಳಿಗೆಲ್ಲ ಬಂಗಾರ, ಬೆಳ್ಳಿ ಬಳಿದು ತಂದಿದ್ದರು. ಅದರಿಂದ ಬರೆದ ಚಿತ್ರಗಳಲ್ಲಿ ಹೊಳಪು ಮಾತ್ರ ಇತ್ತು. ಇದರ ವಿಷಯವನ್ನು ಮೇಲೆಯೇ ಹೇಳಿದ್ದೇನೆ.

ಎರಡನೆಯ ಮೇಜಿನ ಮೇಲೆ ನಾಲ್ಕು ಸಾಮಾನುಗಳಿದ್ದವು: ಅಂಚು ಕಿತ್ತ ಒಂದು ಮೊರ, ಕರಟದ ಸೌಟು, ಗಾಜು ಒಡೆದ ಲಾಂದ್ರ, ಬಿದಿರಿನ ಒಂದು ನಾಳಿ. ಬಣ್ಣವಿಲ್ಲ, ಬಟ್ಟೆಯ ಹಾಸಿಲ್ಲ. ತಂದ ಹೆಣ್ಣುಮಕ್ಕಳು ಪ್ರತಿಯೊಂದರ ಬದಿಗೂ ಒಂದು ಚೀಟಿ ಇಟ್ಟು, ಅದರಲ್ಲಿ ಮನೆಮನೆಯ ಹೆಸರನ್ನು ಬರೆದಿದ್ದರು: ಮೊರ, ಮುರಂ, ಕರಟ, ಚಿರಟ್ಟ. ಒರಳು ಉರಲ್ ಆಗುವ, ಒನಕೆ ಉಲಕ್ಕ ಆಗುವ, ಕೊಡ ಕುಡಂ ಆಗುವ ಈ ಗಡಿಯಲ್ಲಿ ಎರಡು ಭಾಷೆಗಳ ನಂಟು ನಿಘಂಟಿನಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಅಡುಗೆಮನೆಯ ಮೂಲೆಯಲ್ಲಿ ಕಾಣುತ್ತದೆ. ಭಾಷಾಸಂಶೋಧನೆ ಮಾಡತಕ್ಕ ಮಿತ್ರರು ಇದನ್ನು ಗಮನಿಸಬೇಕು. ಎಸೆದ ವಸ್ತುವಿನೊಡನೆ ಅದರ ಹೆಸರೂ ಹೋಗುತ್ತದೆ. ಆ ಮೇಜಿನ ಸುತ್ತ ನಿಂತ ಎಷ್ಟೋ ಮಕ್ಕಳು ಮೊರವನ್ನು ನೋಡಿದ್ದರು, ಹೆಸರು ಕೇಳಿರಲಿಲ್ಲ.

ಆ ಮೇಜು ಇನ್ನೊಂದು ವಿಷಯವನ್ನೂ ತೋರಿಸಿತು. ವಸ್ತುಗಳು ಕಸವಾಗುವುದು ಒಂದೇ ಕಾರಣದಿಂದಲ್ಲ. ಮೊರ ಸವೆದು ಕಸವಾಯಿತು. ಲಾಂದ್ರ ವಿದ್ಯುತ್ತು ಬಂದು ಕಸವಾಯಿತು. ನಾಳಿಗೆ ಏನೂ ಆಗಿರಲಿಲ್ಲ. ಒಂದು ಸೀಳೂ ಇಲ್ಲದೆ ಗಟ್ಟಿಯಾಗಿಯೇ ಇತ್ತು. ನಾಲ್ಕು ನಾಳಿ ಒಂದು ಇಡಂಗಳಿ, ಹತ್ತು ಇಡಂಗಳಿ ಒಂದು ಪರೆ ಎಂಬುದು ಇಲ್ಲಿಯ ಲೆಕ್ಕ; ನಾಲ್ಕು ಪಾವು ಒಂದು ಸೇರು ಎಂಬುದು ನಮ್ಮ ಕಡೆಯ ಲೆಕ್ಕ. ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದ ಮೇಲೆ ಎರಡು ಲೆಕ್ಕಗಳೂ ಸಂತೆಯಿಂದ ಸರಿದುವು. ಕಾನೂನು ಬದಲಾದ್ದರಿಂದ ಕಸವಾದ ವಸ್ತು ಅದು. ಒಂದು ಮೇಜಿನಲ್ಲಿ ಇಷ್ಟು ಇತಿಹಾಸ. ಚಿತ್ರವೂ ಸೊಗಸಾಗಿತ್ತು: ಮೊರದ ಕಿತ್ತ ಅಂಚನ್ನು ಹುಡುಗಿ ಮುಚ್ಚದೆ ಬರೆದಿದ್ದಳು.

ಮೂರನೆಯ ಮೇಜಿನಲ್ಲಿ ನಾನು ತಪ್ಪಿದೆ. ಅಲ್ಲಿ ತಳ ತೂತಾದ ಒಂದು ಅಲ್ಯೂಮಿನಿಯಂ ಪಾತ್ರೆ ಮತ್ತು ಒಂದು ಲೋಟದ ನಡುವೆ ಒಂದು ಸ್ಟೀಲಿನ ಊಟದ ತಟ್ಟೆಯನ್ನು ಒರಗಿಸಿ ಇಟ್ಟಿದ್ದರು. ತಟ್ಟೆಯ ಅಂಚು ಒಂದು ಕಡೆ ಮಡಿಸಿದಂತೆ ಬಾಗಿತ್ತು. ಮೈಯೆಲ್ಲ ಗೀರು, ಗೀರುಗಳಲ್ಲಿ ಕೆಮ್ಮಣ್ಣು. ಕಿಟಕಿಯ ಬೆಳಕು ಬಾಗಿದ ಅಂಚಿನ ಮೇಲೆ ಬಿದ್ದು ಒಡೆದು ಚದುರಿತ್ತು. 'ಬಾಗಿದ ಅಂಚಿನ ಬೆಳಕು ಅತ್ಯಂತ ಮನೋಹರ. ಪ್ರಥಮ' ಎಂದು ಪುಸ್ತಕದಲ್ಲಿ ಬರೆದುಕೊಂಡೆ. ತಟ್ಟೆ ತಂದ ಹುಡುಗ ಸುಮ್ಮನೆ ನಿಂತಿದ್ದ. ಪಕ್ಕದಲ್ಲಿದ್ದ ಹುಡುಗಿ ಮೆಲ್ಲನೆ, "ಮಾಷೇ, ಅದು ಚೂರಲ್‌ಮಲೆಯದು" ಎಂದಳು.

೨೦೨೪ನೆಯ ಜುಲೈ ೩೦ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲೆ, ಪುಂಜಿರಿಮಟ್ಟಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದನ್ನು ಈ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ಮನೆಗಳೊಡನೆ ಮನೆಯ ಪಾತ್ರೆಗಳೂ ಕೆಸರಿಗೆ ಸೇರಿದುವು. ಹುಡುಗನ ಅಣ್ಣ ಸ್ವಯಂಸೇವಕನಾಗಿ ಅಲ್ಲಿಗೆ ಹೋಗಿದ್ದವನು ಹೊಳೆಯ ದಂಡೆಯಲ್ಲಿ ಸಿಕ್ಕಿದ ಈ ತಟ್ಟೆಯನ್ನು ಬಿಟ್ಟುಬರಲಾರದೆ ಎತ್ತಿಕೊಂಡು ಬಂದಿದ್ದನಂತೆ. ತಟ್ಟೆಯನ್ನು ತಿರುಗಿಸಿದೆ. ಹಿಂಬದಿಯಲ್ಲಿ, ಮದುವೆಯ ಉಡುಗೊರೆಯ ಪಾತ್ರೆಗಳಿಗೆ ಕೊರೆಯಿಸುವಂತೆ, ಒಂದು ಹೆಸರು, ಕೆಳಗೆ ಒಂದು ತಾರೀಕು. ನನ್ನ ಪುಸ್ತಕದಲ್ಲಿದ್ದ 'ಮನೋಹರ' ಎಂಬ ಪದವನ್ನು ನೋಡಲು ನನಗೆ ನಾಚಿಕೆಯಾಯಿತು.

ತಪ್ಪು ಹುಡುಗನದಲ್ಲ. ಎಸೆದದ್ದು, ಕಳೆದದ್ದು ಎಂಬ ಎರಡನ್ನೂ ನಾವು 'ಸಿಕ್ಕಿದ ವಸ್ತು' ಎಂಬ ಒಂದೇ ಹೆಸರಿನಲ್ಲಿ ಸೇರಿಸಿಬಿಡುತ್ತೇವೆ; ತಪ್ಪು ಅಲ್ಲಿದೆ. ಎಸೆದದ್ದರ ಮೇಲಿನ ಹಕ್ಕನ್ನು ಯಜಮಾನ ತಾನೇ ಬಿಟ್ಟಿದ್ದಾನೆ. ಕಳೆದದ್ದರ ಹಕ್ಕನ್ನು ಯಾರೂ ಬಿಟ್ಟಿಲ್ಲ. ತಟ್ಟೆಯ ಮೇಲಿನ ಗೀರನ್ನು ನಾನು ಬಳಕೆಯ ಗೀರೆಂದು ಓದಿದ್ದೆ. ಅದು ಬಂಡೆಯ ಗೀರು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಗಣಿಸಿದ್ದು ಬರಿಯ ಅಲಂಕಾರದ ಹೊಂದಿಕೆಗಾಗಿ ಅಲ್ಲವೆಂದು ನನಗೆ ಆಗ ಮನದಟ್ಟಾಯಿತು. ಆ ತಟ್ಟೆ ತಳ ತೂತಾದ ಪಾತ್ರೆಯ ಪಕ್ಕದಲ್ಲಿ ಕೂರತಕ್ಕದ್ದಲ್ಲ.

ಹಾಗಾದರೆ ದುಃಖದ ವಸ್ತುವನ್ನು ಚಿತ್ರಿಸಲೇ ಬಾರದೇ? ಹುಡುಗನೂ ಅದನ್ನೇ ಕೇಳಿದ: "ಬರೆಯಲೂ ಬಾರದೇ ಮಾಷೇ?" ಅವನ ಚಿತ್ರವನ್ನು ತರಿಸಿ ನೋಡಿದೆ. ಪಾತ್ರೆ, ಲೋಟ ಎರಡನ್ನೂ ಬಿಟ್ಟು, ಇಡೀ ಹಾಳೆಯ ನಡುವೆ ತಟ್ಟೆಯೊಂದನ್ನೇ ಪೆನ್ಸಿಲಿನಲ್ಲಿ ಬರೆದಿದ್ದ. ಹಿಂಬದಿಯ ಹೆಸರು ಗೊತ್ತಿದ್ದರೂ ಅದನ್ನು ಕಾಣಿಸಿರಲಿಲ್ಲ. ಸುತ್ತ ಎಷ್ಟೋ ಜಾಗ ಬರಿದಾಗಿ ಬಿಟ್ಟಿದ್ದ. ನಾನು ಬೆಳಕನ್ನು ನೋಡಿದ್ದ ಎಡೆಯಲ್ಲಿ ಅವನು ಭಾರವನ್ನು ನೋಡಿದ್ದ. ಜೋಡಣೆಯಲ್ಲಿ ಇಲ್ಲದ ಔಚಿತ್ಯ ಚಿತ್ರದಲ್ಲಿ ಇತ್ತು. ಅದು ಏನನ್ನೂ ತನ್ನದೆಂದು ಎತ್ತಿಕೊಳ್ಳಲಿಲ್ಲ, ನೋಡಿ ಹಿಂದಕ್ಕೆ ಕೊಟ್ಟಿತು.

ತಟ್ಟೆಯನ್ನು ಮೇಜಿನಿಂದ ತೆಗೆಸಿ, ಒರೆಸದೆ, ಬಟ್ಟೆಯಲ್ಲಿ ಸುತ್ತಿ, ಹೆಸರಿನ ಮನೆಯವರು ಯಾರಾದರೂ ಉಳಿದಿದ್ದರೆ ಅವರಿಗೆ ಮುಟ್ಟಲೆಂದು ಅಲ್ಲಿಯ ಪಂಚಾಯತಿಗೆ ಕಳುಹಿಸಿಕೊಟ್ಟೆವು. ಪ್ರಥಮ ಬಹುಮಾನ ಎರಡನೆಯ ಮೇಜಿಗೆ ಹೋಯಿತು. ತಟ್ಟೆಯ ಚಿತ್ರಕ್ಕೆ ಅಂಕ ಹಾಕಲಿಲ್ಲ. ಹುಡುಗನ ಒಪ್ಪಿಗೆಯಿಂದ ಅದನ್ನು ಗೋಡೆಯ ಮೇಲೆ ಒಂದೇ ಆಗಿ ತೂಗಹಾಕಿದೆವು.

೬

ಕೊನೆಯದಾಗಿ, ಉಪಾಧ್ಯಾಯ ಬಂಧುಗಳ ಪರಿಶೀಲನೆಗಾಗಿ ಮೂರು ಸೂಚನೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ವಸ್ತುವನ್ನು ತರುವ ಮಗು ಅದರ ಕಥೆಯನ್ನೂ ತರಬೇಕು. ಯಾರದು, ಎಷ್ಟು ಕಾಲ ಬಳಸಿದರು, ಏಕೆ ಬಿಟ್ಟರು, ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಸಾಲು ಉತ್ತರ ಸಾಕು. ಚಿತ್ರಕಲೆ, ಭಾಷೆ, ಸಮಾಜಪಾಠ ಮೂರೂ ಒಂದೇ ಮೇಜಿನಲ್ಲಿ ಕೂಡುತ್ತವೆ. ಅಂಥ ಪ್ರಶ್ನೆಯನ್ನು ನಾನು ಮೊದಲೇ ಕೇಳಿದ್ದರೆ ಆ ಹುಡುಗ ಅಷ್ಟು ಹೊತ್ತು ಸುಮ್ಮನೆ ನಿಲ್ಲಬೇಕಾಗಿರಲಿಲ್ಲ.

ಎರಡನೆಯದಾಗಿ, ಸವೆತವನ್ನು ಮುಚ್ಚಬಾರದು. ಬಣ್ಣ ಬಳಿಯಲೇಬೇಕೆಂಬ ಆಸೆಯಿದ್ದರೆ ಹಾಳೆಯ ಮೇಲೆ ಬಳಿಯಲಿ. ರೂಪಾಂತರ ಮಾಡುವುದಾದರೆ ಹಳೆಯದು ಹೊಸದರಲ್ಲಿ ಕಾಣುವಂತಿರಲಿ.

ಮೂರನೆಯದಾಗಿ, ಕಸವನ್ನು ಬಲ್ಲವರನ್ನು ಶಾಲೆಗೆ ಕರೆಯೋಣ. ನಮ್ಮ ಪಂಚಾಯತಿಗಳಲ್ಲಿ ಮನೆಮನೆಗೆ ಹೋಗಿ ಬೇಡದ ಸಾಮಾನುಗಳನ್ನು ಸಂಗ್ರಹಿಸಿ ವಿಂಗಡಿಸುವ ಹರಿತ ಕರ್ಮಸೇನೆಯ ಹೆಂಗಸರಿದ್ದಾರೆ. ಕನ್ನಡದಲ್ಲಿ ಗುಜರಿ ಎಂದೂ ಮಲಯಾಳದಲ್ಲಿ ಆಕ್ರಿ ಎಂದೂ ಹೇಳುವ ವ್ಯಾಪಾರದವರಿದ್ದಾರೆ. ಯಾವ ಮನೆಯಿಂದ ಏನು ಹೊರಬೀಳುತ್ತದೆ, ಯಾವುದನ್ನು ಕೊಡುವಾಗ ಮುದುಕಿಯೊಬ್ಬಳು ಕೈ ಹಿಂದೆಗೆಯುತ್ತಾಳೆ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮುಂದಿನ ಪ್ರದರ್ಶನಕ್ಕೆ ತೀರ್ಪುಗಾರರ ಪಂಕ್ತಿಯಲ್ಲಿ ಅವರಲ್ಲೊಬ್ಬರನ್ನು ಕೂರಿಸಬೇಕೆಂದು ನಮ್ಮ ಶಾಲೆಯಲ್ಲಿ ನಿಶ್ಚಯಿಸಿದ್ದೇವೆ. ಇತರ ಶಾಲೆಗಳವರೂ ಈ ದಿಸೆಯಲ್ಲಿ ಯೋಚಿಸುವರೆಂದು ಆಶಿಸುತ್ತೇನೆ.